ನೇರ ಸಾಲು ಬಿಟ್ಟು ಪಕ್ಕದ ಸಾಲು ಹಿಡಿದೆ: ಬಾರ್ ಕಾಲೊನಿಯ ರೈತನ ಮೂಲ ಹುಡುಕಿದ ನನ್ನ ಅನುಭವ

ನಮ್ಮ ಬೀಗರ ಮನೆತನದಲ್ಲಿ ಎಲ್ಲೋ ಯಹೂದಿ ರಕ್ತ ಇದೆ ಅನ್ನುವ ಮಾತು ಮೂರು ತಲೆಮಾರಿನಿಂದ ಓಡಾಡುತ್ತಿತ್ತು. ಕಾಗದ ಮಾತ್ರ ಒಂದೂ ಇರಲಿಲ್ಲ. ಈಗ ಇದೆ. ಕೆನಡಾದ ಸಾಸ್ಕಾಚೆವಾನ್ ಪ್ರಾಂತ್ಯದ ಗೋಧಿ ಹೊಲದಿಂದ ಶುರು ಮಾಡಿ ಇಂಗ್ಲೆಂಡಿನ ಪ್ಲಿಮತ್ ಬಂದರಿನ 1803ರ ಪಟ್ಟಿಯ ತನಕ ಕೊಂಡಿ ಸೇರಿಸಿದ್ದೇನೆ. ಆಗಲ್ಲ ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಆ ಗೋಧಿ ಹೊಲದ ರೈತ ನನ್ನ ಅಳಿಯನ ಮುತ್ತಜ್ಜ, ಬಾರ್ ಕಾಲೊನಿಯವರ ಜೊತೆ ಬಂದವನು. ಹೆಸರು ಬರೆಯಬೇಡಿ ಅಂತ ಬೀಗರು ಕೇಳಿಕೊಂಡಿದ್ದಾರೆ, ಬರೆಯಲ್ಲ. ನಾನು ತಾಲ್ಲೂಕು ಕಚೇರಿಯಲ್ಲಿ ಸರ್ವಿಸ್ ಮುಗಿಸಿ ಮಗಳ ಜೊತೆ ಸಾಸ್ಕಟೂನ್‌ಗೆ ಬಂದವನು. ಪಹಣಿ, ಮ್ಯುಟೇಶನ್, ವಂಶವೃಕ್ಷ ಅಂತಲೇ ಆಯುಷ್ಯ ಕಳೆದಿದ್ದೇನೆ. ಇಲ್ಲಿನ ಚಳಿಗಾಲ ಉದ್ದ. ಕೂತು ಹುಡುಕಲು ಬೇಕಾದಷ್ಟು ಸಮಯ.

ಬಾರ್ ಕಾಲೊನಿ ಅಂದರೆ ಜಮೀನಿಗಾಗಿ ಬ್ರಿಟನ್‌ನಿಂದ ಕೆನಡಾಕ್ಕೆ ಒಟ್ಟಿಗೆ ಬಂದು ನೆಲೆಸಿದವರ ಗುಂಪು, ಅದರ ಕಥೆ ಈ ಕಡೆ ಇರುವವರಿಗೆ ಗೊತ್ತಿರುತ್ತದೆ. 1903ರ ಮಾರ್ಚ್ 31ಕ್ಕೆ ಲಿವರ್‌ಪೂಲ್‌ನಿಂದ ಹೊರಟ ಲೇಕ್ ಮ್ಯಾನಿಟೋಬಾ ಹಡಗಿನಲ್ಲಿ ಎರಡು ಸಾವಿರದ ಹತ್ತಿರ ಜನ. ಕೆನಡಾದ ಪೂರ್ವ ಕರಾವಳಿಯ ಸೇಂಟ್ ಜಾನ್‌ನಲ್ಲಿ ಇಳಿದು, ರೈಲಿನಲ್ಲಿ ಸಾಸ್ಕಟೂನ್, ಅಲ್ಲಿಂದ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಸುಮಾರು 300 ಕಿಲೋಮೀಟರ್. ಕರೆದುಕೊಂಡು ಬಂದ ಐಸಾಕ್ ಬಾರ್ ಮೇಲೆ ಜನ ತಿರುಗಿಬಿದ್ದರು. ಪಾದ್ರಿ ಜಾರ್ಜ್ ಲಾಯ್ಡ್ ಮುಂದಾಳಾದರು. ಲಾಯ್ಡ್‌ಮಿನ್‌ಸ್ಟರ್ ಊರಿಗೆ ಅವರದೇ ಹೆಸರು. 10 ಡಾಲರ್ ಕಟ್ಟಿದರೆ 160 ಎಕರೆ. ಮೂರು ವರ್ಷ, ವರ್ಷಕ್ಕೆ ಆರು ತಿಂಗಳು ಅಲ್ಲೇ ಇದ್ದು ನೆಲ ಒಡೆದು ತೋರಿಸಿದರೆ ಪಟ್ಟಾ.

ಶುರು ಮಾಡುವವರಿಗೆ ಒಂದು ಮಾತು. ಲಾಯ್ಡ್‌ಮಿನ್‌ಸ್ಟರ್ ನಡುವೆಯೇ ನಾಲ್ಕನೇ ಮೆರಿಡಿಯನ್, ಅಂದರೆ ಎರಡು ಪ್ರಾಂತ್ಯಗಳ ಗಡಿಯಾದ ಸರ್ವೇ ರೇಖೆ, ಹಾದುಹೋಗುತ್ತದೆ. ಅದರ ಪೂರ್ವಕ್ಕೆ ಜಮೀನು ಇದ್ದರೆ ಮಂಜೂರಾತಿ ಫೈಲು ಸಾಸ್ಕಾಚೆವಾನ್ ಆರ್ಕೈವ್ಸ್ ಕಡೆ, ಪಶ್ಚಿಮಕ್ಕೆ ಇದ್ದರೆ ಆಲ್ಬರ್ಟಾ ಕಡೆ. ಇವರದು ಪೂರ್ವಕ್ಕೆ. ಹೆಸರಿನಿಂದ ಹುಡುಕಬೇಡಿ, ಸೆಕ್ಷನ್, ಟೌನ್‌ಶಿಪ್, ರೇಂಜ್ ಅನ್ನುವ ಇಲ್ಲಿನ ಸರ್ವೇ ನಂಬರು ಹಿಡಿದು ಹುಡುಕಿ. ಹೆಸರಿನ ಸ್ಪೆಲ್ಲಿಂಗ್ ಬದಲಾಗುತ್ತದೆ, ಜಮೀನು ಬದಲಾಗಲ್ಲ.

ಫೈಲು ಕೈಗೆ ಬಂದಾಗ ಮಗಳಿಗೆ ಎಲ್ಲ ಹೊಸದು, ನನಗೆ ಎಲ್ಲ ಹಳೇ ಪರಿಚಯ. ಅರ್ಜಿ, ಪ್ರಮಾಣ ಮಾಡಿ ಕೊಟ್ಟ ಹೇಳಿಕೆ, ಇಬ್ಬರು ಅಕ್ಕಪಕ್ಕದವರ ಸಾಕ್ಷಿ. ಮೊದಲ ವರ್ಷ ಒಡೆದದ್ದು ನಾಲ್ಕೈದು ಎಕರೆ, ಮೂರನೇ ವರ್ಷಕ್ಕೆ ಮೂವತ್ತರ ಆಸುಪಾಸು. ಬ್ರಿಟಿಷ್ ಪ್ರಜೆ ಆದ್ದರಿಂದ ನ್ಯಾಚುರಲೈಸೇಶನ್ (ಪೌರತ್ವ ಪಡೆದ) ಕಾಗದವೇ ಇಲ್ಲ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಸಹಿ ನೋಡಿದೆ. ಬೇರೆಲ್ಲ ಕಡೆ ಬರೀ ಒಂದು ಇನಿಶಿಯಲ್ ಇರುವ ನಡುವಿನ ಹೆಸರು ಇಲ್ಲಿ ಪೂರ್ತಿ ಇತ್ತು: ಹಾರ್ಟ್. ಮನೆಯವರು ಯಾರೂ ಅದನ್ನು ಗಮನಿಸಿರಲಿಲ್ಲ. ನಾನು ಬರೆದಿಟ್ಟುಕೊಂಡೆ.

ಇನ್ನು ದುಡ್ಡು ಹೋದ ಕಥೆ. ನಾನು ಕೈ ಹಾಕುವ ಮೊದಲು ಬೀಗರು ವಂಶದ ಮೂಲ ಹುಡುಕಿಕೊಡುವ ಒಂದು ಸಂಸ್ಥೆಗೆ 800 ಡಾಲರ್ ಹತ್ತಿರ ಕೊಟ್ಟಿದ್ದರು. ಅವರು ಕೊಟ್ಟದ್ದು ಚಂದದ ಬೈಂಡಿಂಗ್ ಮಾಡಿದ ವರದಿ. 1911ರ ಕೆನಡಾ ಸೆನ್ಸಸ್‌ನಲ್ಲಿ ಧರ್ಮದ ಕಾಲಂನಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ಅಂತ ಇದೆ, ತಂದೆಯ ಮದುವೆಯೂ ಚರ್ಚಿನಲ್ಲೇ ಆಗಿದೆ, ಆದ್ದರಿಂದ ಯಹೂದಿ ಮಾತು ಬರೀ ಬಾಯಿಮಾತು ಅಂತ ತೀರ್ಮಾನ. ನನಗೆ ಇದು ಒಪ್ಪಿಗೆಯಾಗಲಿಲ್ಲ. ಮನುಷ್ಯ ಚರ್ಚಿನಲ್ಲಿ ಮದುವೆಯಾದರೆ ಅವನ ಅಪ್ಪನೂ ಚರ್ಚಿನವನೇ ಆಗಬೇಕು ಅಂತ ಎಲ್ಲಿದೆ? ಇಂಗ್ಲೆಂಡಿನ ಸೆನ್ಸಸ್‌ನಲ್ಲಂತೂ 2001ರವರೆಗೆ ಒಬ್ಬೊಬ್ಬರ ಧರ್ಮ ಕೇಳಿದ್ದೇ ಇಲ್ಲ.

ಆಮೇಲೆ ಡಿಎನ್‌ಎ. ಅಳಿಯನ ವರದಿಯಲ್ಲಿ ಶೇಕಡಾ 5ರ ಆಸುಪಾಸು ಅಶ್ಕೆನಾಜಿ ಯಹೂದಿ (ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದವರು) ಅಂತ ಬಂತು. ರೈತನ ಅಪ್ಪ ಪೂರ್ತಿ ಯಹೂದಿ ಆಗಿದ್ದರೆ ಅಳಿಯನಿಗೆ ಹದಿನಾರರಲ್ಲಿ ಒಂದು ಪಾಲು ಬರಬೇಕು, ಅಂದರೆ 6. ಲೆಕ್ಕ ಸರಿಹೋಯಿತು. ಆದರೆ ಮುಂದೆ ದಾರಿ ಇಲ್ಲ. ಆ ಸಮುದಾಯ ನೂರಾರು ವರ್ಷ ತಮ್ಮತಮ್ಮಲ್ಲೇ ಸಂಬಂಧ ಬೆಳೆಸಿದ್ದರಿಂದ ಎಷ್ಟೋ ದೂರದವರೂ ಹತ್ತಿರದ ನೆಂಟರಂತೆ ಕಾಣುತ್ತಾರೆ. ಪಟ್ಟಿ ಪುಟಗಟ್ಟಲೆ ಬಂತು. ಒಬ್ಬರನ್ನೂ ಜೋಡಿಸಲು ಆಗಲಿಲ್ಲ.

ರೈತನ ಅಜ್ಜ 1815ರ ಹೊತ್ತಿಗೆ ಹುಟ್ಟಿದವನು, ಪ್ಲಿಮತ್‌ನಲ್ಲಿ ಹಳೇ ಸಾಮಾನಿನ ವ್ಯಾಪಾರ. ಅವನ ಹೆಸರು ಸಾಮಾನ್ಯ ಇಂಗ್ಲಿಷ್ ಹೆಸರು. ಅವನ ಮದುವೆ ಸರ್ಟಿಫಿಕೇಟ್ ಹುಡುಕಲು ಹೋಗಿ ಬೀಗರು ಬೇರೆಯವರ ಮದುವೆ ಸರ್ಟಿಫಿಕೇಟುಗಳನ್ನು ರಾಶಿ ಹಾಕಿದ್ದರು. ಜನನ, ಮರಣದ್ದಾದರೆ ಕಡಿಮೆ ಬೆಲೆಗೆ ಪಿಡಿಎಫ್ ಸಿಗುತ್ತದೆ. ಮದುವೆಯದ್ದು ಕಾಗದದಲ್ಲೇ ತರಿಸಬೇಕು, ಒಂದಕ್ಕೆ 12 ಪೌಂಡಿನ ಮೇಲೆ. ಎಲ್ಲ ಸೇರಿ 200 ಡಾಲರ್ ದಾಟಿತ್ತು.

ಇಲ್ಲಿ ನನ್ನ ಕಚೇರಿ ಬುದ್ಧಿ ಕೆಲಸ ಮಾಡಿತು. ಪೌತಿ ಖಾತೆ ಮಾಡುವಾಗ ಹಿರಿಮಗನೊಬ್ಬನನ್ನೇ ನೋಡಿ ಖಾತೆ ಬದಲಾಯಿಸಲ್ಲ, ಅಲ್ವಾ? ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಊರು ಬಿಟ್ಟ ತಮ್ಮ, ಎಲ್ಲರೂ ವಂಶವೃಕ್ಷಕ್ಕೆ ಬರಬೇಕು. ಎಷ್ಟೋ ಸಲ ಸತ್ಯ ಹೊರಬರುವುದು ಹೆಣ್ಣುಮಕ್ಕಳ ಕಡೆಯಿಂದಲೇ. ಅಜ್ಜನನ್ನು ಪಕ್ಕಕ್ಕಿಟ್ಟು ಅವನ ಒಡಹುಟ್ಟಿದವರನ್ನು ಹುಡುಕುತ್ತೇನೆ ಅಂದೆ. ಇಲ್ಲಿನ ಹಳಬರೊಬ್ಬರು, ಹೆಸರೇ ಗೊತ್ತಿಲ್ಲದ ಅಕ್ಕತಂಗಿಯರನ್ನು ಎಲ್ಲಿ ಹುಡುಕುತ್ತೀರಿ ಅಂದರು. ಬೀಗರೂ ತಲೆಯಾಡಿಸಿದರು.

1851ರ ಸೆನ್ಸಸ್‌ನಲ್ಲಿ ಅಜ್ಜನ ಮನೆಯ ಕೊನೆಯ ಸಾಲಿನಲ್ಲಿ ಒಂದು ಹುಡುಗಿ ಇದ್ದಳು. ವಯಸ್ಸು ಹನ್ನೊಂದೋ ಹನ್ನೆರಡೋ, ಬೇರೆ ಮನೆತನದ ಹೆಸರು, ಸಂಬಂಧ: ಸೋದರ ಸೊಸೆ. ಸಂಸ್ಥೆಯ ವರದಿಯಲ್ಲಿ ಈ ಸಾಲನ್ನೇ ಬಿಟ್ಟಿದ್ದರು. ಇಂಗ್ಲೆಂಡಿನ ಜನನ ಸೂಚಿಯಲ್ಲಿ ಈಗ 1837ರಿಂದಲೇ ತಾಯಿಯ ತವರು ಹೆಸರು ಸಿಗುತ್ತದೆ. ಹುಡುಗಿಯನ್ನು ಹುಡುಕಿದೆ. ತಾಯಿಯ ತವರು ಹೆಸರು ಹಾರ್ಟ್.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆ ತಾಯಿಯ ಮದುವೆ ಸರ್ಟಿಫಿಕೇಟ್ ತರಿಸಿದೆ. ಮದುವೆ ಆಗಿದ್ದು ಯಹೂದಿ ಧರ್ಮದ ವಿಧಿಯಂತೆ, ಪ್ಲಿಮತ್‌ನಲ್ಲಿ. ತಂದೆ: ಹೆನ್ರಿ ಹಾರ್ಟ್, ವ್ಯಾಪಾರಿ. ಪ್ಲಿಮತ್‌ನ ಕ್ಯಾಥರೀನ್ ಸ್ಟ್ರೀಟ್ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) 1762ರದ್ದು, ಇಂದಿಗೂ ನಡೆಯುತ್ತಿದೆ. ನೌಕಾಪಡೆಯ ಊರು ಆದ್ದರಿಂದ ನಾವಿಕರ ಜೊತೆ ವ್ಯಾಪಾರ ಮಾಡುವ ಯಹೂದಿಗಳು ಅಲ್ಲಿ ಬಂದು ನೆಲೆಸಿದ್ದರು. ಒಂದೇ ಹೆಸರಿನ ವ್ಯಾಪಾರಿಗಳನ್ನು ಬೇರೆಬೇರೆ ಮಾಡಲು ನನ್ನ ಹತ್ತಿರ ಒಂದು ಪಟ್ಟಿ ಇದೆ. ಅದು ಯಾವುದು ಅಂತ ಹೇಳಲ್ಲ. ನೌಕಾಪಡೆಯ ಲೈಸೆನ್ಸ್ ಕಡೆ ನೋಡಿ, ಇಷ್ಟು ಸಾಕು.

ಮುಂದಿನದು ಆ ತಾಯಿಯ ಸಮಾಧಿ ಕಲ್ಲು. ರಬ್ಬಿ (ಯಹೂದಿ ಧರ್ಮಗುರು) ಬರ್ನಾರ್ಡ್ ಸಸ್ಸರ್ ನೈಋತ್ಯ ಇಂಗ್ಲೆಂಡಿನ ಯಹೂದಿ ಸಮಾಧಿಗಳ ಬರಹ ಸಂಗ್ರಹಿಸಿ ಇಟ್ಟಿದ್ದಾರೆ. ಅದನ್ನು ಪುಕ್ಕಟೆ ನೋಡಬಹುದು. ಆದರೆ ಕಲ್ಲಿನ ಫೋಟೋ ಕೂಡ ತರಿಸಿ ಅನ್ನುವುದು ನನ್ನ ಅಭಿಪ್ರಾಯ. ಪ್ಲಿಮತ್‌ನ ಒಬ್ಬರು ಪೆಟ್ರೋಲ್ ಖರ್ಚು ಮಾತ್ರ ತೆಗೆದುಕೊಂಡು, ಅಲ್ಲಿನ ಹೋ (Hoe) ಎಂಬ ಜಾಗದ ಹತ್ತಿರದ ಹಳೇ ಸ್ಮಶಾನಕ್ಕೆ ಹೋಗಿ, ಕನ್ನಡಿಯಿಂದ ಪಕ್ಕದ ಬೆಳಕು ಬಿಟ್ಟು ಫೋಟೋ ತೆಗೆದು ಕಳಿಸಿದರು. ಹೀಬ್ರೂ ಅಕ್ಷರ ನಾನೇ ಕಲಿತೆ. ಇರೋದು 22 ಅಕ್ಷರ, ಎರಡು ವಾರದಲ್ಲಿ ಬಂತು. ಯಹೂದಿ ಕಲ್ಲಿನಲ್ಲಿ ಇಂಥವರ ಮಗಳು ಅಂತ ತಂದೆಯ ಹೀಬ್ರೂ ಹೆಸರು ಇರುತ್ತದೆ. ಅದೇ ನಮಗೆ ಬೇಕಾದದ್ದು. ಇಸವಿ ಅಕ್ಷರದಲ್ಲೇ ಇರುತ್ತದೆ: ತಾವ್ 400, ರೇಶ್ 200, ತೇತ್ 9, ಜಾಯಿನ್ 7, ಒಟ್ಟು 616. ಅದಕ್ಕೆ 1240 ಕೂಡಿಸಿದರೆ 1856. ಅವರ ಹೊಸವರ್ಷ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವುದರಿಂದ ಅಲ್ಲಿಂದ ಡಿಸೆಂಬರ್ ಕೊನೆಯವರೆಗಿನ ದಿನಗಳಿಗೆ ಒಂದು ಕಳೆಯಬೇಕು.

ಕಲ್ಲಿನಲ್ಲಿ ತಂದೆಯ ಹೆಸರು ನಫ್ತಾಲಿ ಹಿರ್ಶ್. ಗೊತ್ತಿಲ್ಲದವರು ಇಲ್ಲಿ ಹೆನ್ರಿ ಬೇರೆ, ನಫ್ತಾಲಿ ಬೇರೆ ಅಂತ ಬಿಟ್ಟುಬಿಡುತ್ತಾರೆ. ಹೀಬ್ರೂನಲ್ಲಿ ನಫ್ತಾಲಿ ಇದ್ದವನು ಮನೆಯಲ್ಲಿ ಹಿರ್ಶ್, ಅಂಗಡಿಯಲ್ಲಿ ಹಾರ್ಟ್, ಸರ್ಕಾರಿ ಕಾಗದದಲ್ಲಿ ಹೆನ್ರಿ. ಯೆಹೂದಾ ಇದ್ದವನು ಲಿಯಾನ್ ಅಥವಾ ಲೂಯಿಸ್. ಬೆಂಜಮಿನ್ ಅಂದರೆ ವುಲ್ಫ್. ಈ ಜೋಡಿಗಳನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಈ ಹೆನ್ರಿ ಯಾವಾಗ ತೀರಿಕೊಂಡ ಅನ್ನುವುದಕ್ಕೆ ಅಶ್ಕೆನಾಜಿಗಳ ಒಂದು ಪದ್ಧತಿ ಸಹಾಯ ಮಾಡಿತು. ಬದುಕಿರುವ ಹಿರಿಯರ ಹೆಸರನ್ನು ಅವರು ಮಗುವಿಗೆ ಇಡಲ್ಲ. ಮಗಳ ಮೊದಲ ಗಂಡುಮಕ್ಕಳಿಗೆ ಬೇರೆ ಹೆಸರು, 1846ರ ಸುಮಾರಿಗೆ ಹುಟ್ಟಿದವನಿಗೆ ಹೆನ್ರಿ. ಅಂದರೆ ಹೆನ್ರಿ ಹಾರ್ಟ್ ಅಷ್ಟರೊಳಗೆ ತೀರಿಕೊಂಡಿದ್ದಾನೆ. ಹುಡುಕಬೇಕಾದ್ದು ಎರಡು ಮೂರು ವರ್ಷ ಮಾತ್ರ. ಸೆಫಾರ್ದಿ (ಸ್ಪೇನ್, ಪೋರ್ಚುಗಲ್ ಮೂಲದ ಯಹೂದಿ) ಮನೆತನವಾದರೆ ಈ ಲೆಕ್ಕ ನಡೆಯಲ್ಲ. ಅವರು ಬದುಕಿರುವ ಅಜ್ಜನ ಹೆಸರನ್ನೇ ಇಡುತ್ತಾರೆ.

ಉಯಿಲು ಬೇಕಿತ್ತು. ಪ್ಲಿಮತ್ ಇರುವುದು ಡೆವನ್ ಕೌಂಟಿಯಲ್ಲಿ, ಎಕ್ಸಿಟರ್ ಊರಿನಲ್ಲಿದ್ದ ಆ ಡೆವನ್ ಉಯಿಲುಗಳು 1942ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿವೆ. ಎಲ್ಲರೂ ಇದನ್ನೇ ಹೇಳಿ ಕೈಚೆಲ್ಲುತ್ತಾರೆ. ನನಗೆ ಒಂದು ನಂಬಿಕೆ: ತೆರಿಗೆ ವಸೂಲಿ ಮಾಡುವವರು ಪ್ರತಿ ಇಟ್ಟುಕೊಳ್ಳದೆ ಬಿಡಲ್ಲ. ಹಾಗೇ ಆಯಿತು. 1812ರಿಂದ 1857ರವರೆಗೆ ತೆರಿಗೆಗಾಗಿ ಮಾಡಿಕೊಂಡ ಉಯಿಲಿನ ಪ್ರತಿಗಳು ಡೆವನ್ ಮಟ್ಟಿಗೆ ಉಳಿದಿವೆ. ಅದರಲ್ಲಿ ಹೆನ್ರಿ ಹಾರ್ಟ್‌ನ ಉಯಿಲು ಸಿಕ್ಕಿತು. ಮಗಳ ಹೆಸರು, ಅವಳ ಗಂಡನ ಹೆಸರು ಇದೆ. ಮಗನನ್ನು ಹಾರ್ಟ್ ಅಂತ ಹೇಳಿ, ಈಗ ಇಂಥ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿರುವವನು ಅಂತ ಸೇರಿಸಿದ್ದಾರೆ. ಆ ಇಂಥ ಹೆಸರೇ ನಮ್ಮ ರೈತನ ಮನೆತನದ ಹೆಸರು. ಬೀಗರಿಗೆ ಓದಿ ಹೇಳಿದೆ. ಅವರು ಎದ್ದು ಬಂದು ಕೈ ಹಿಡಿದುಕೊಂಡರು.

ನಡುವೆ ಒಂದು ಬೇರೆ ಪ್ರಯೋಗವೂ ನಡೆಯಿತು. ರೈತ ಆ ಕಾಲಕ್ಕೆ ಬಿತ್ತಿದ್ದು ರೆಡ್ ಫೈಫ್ ಗೋಧಿ ಅಂತ ಮನೆಯ ಹಳೇ ಪತ್ರದಲ್ಲಿತ್ತು. ಬೀಜ ತರಿಸಿ ಹಿತ್ತಲಲ್ಲಿ ಒಂದು ಮಡಿ ಹಾಕಿದೆ. ಮೊದಲ ವರ್ಷ ಹಿಮ ಬೇಗ ಬಿತ್ತು, ಕಾಳು ಕಟ್ಟಲಿಲ್ಲ. ಅವರಿಗೂ ಇದೇ ತೊಂದರೆ ಇದ್ದಿರಬೇಕು. ಆಮೇಲೆ ಬಂದ ಮಾರ್ಕ್ವಿಸ್ ತಳಿ ಒಂದು ವಾರದಷ್ಟು ಬೇಗ ಮಾಗುತ್ತಿದ್ದುದರಿಂದಲೇ ಈ ಪ್ರೇರಿ ನೆಲ ಗೋಧಿ ನಾಡಾಯಿತು. ಆ ಮಾರ್ಕ್ವಿಸ್‌ನ ಒಂದು ಕಡೆ ರೆಡ್ ಫೈಫ್, ಇನ್ನೊಂದು ಕಡೆ ನಮ್ಮ ದೇಶದಿಂದ ಬಂದ ಹಾರ್ಡ್ ರೆಡ್ ಕಲ್ಕತ್ತಾ. ಇದು ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಎರಡನೇ ವರ್ಷ ಒಂದೂವರೆ ಸೇರಿನಷ್ಟು ಕಾಳು ಬಂತು. ಬೀಸಿ ಚಪಾತಿ ಮಾಡಿದೆವು, ರುಚಿ ಚೆನ್ನಾಗಿತ್ತು.

ಕೊನೆಯ ಕೊಂಡಿ 1803ರದ್ದು. ಫ್ರಾನ್ಸ್ ಜೊತೆ ಯುದ್ಧದ ಕಾಲ. ಪರದೇಶದವರೆಲ್ಲ ಹೆಸರು ಬರೆಸಬೇಕು ಅಂತ ಕಾನೂನು ಇತ್ತು. ಪ್ಲಿಮತ್‌ನ 1798 ಮತ್ತು 1803ರ ಪಟ್ಟಿಗಳು ಉಳಿದು ಅಚ್ಚಾಗಿವೆ. ಹುಟ್ಟಿದ ಊರು, ಕಸುಬು, ಇಂಗ್ಲೆಂಡಿಗೆ ಬಂದ ಕಾಲ ಎಲ್ಲ ಇದೆ. ಹೆನ್ರಿ ಅಂತ ಹುಡುಕಿದರೆ ಸಿಗಲ್ಲ, ನಾನು ಬೇರೆ ರೂಪಗಳನ್ನೆಲ್ಲ ಹಾಕಿ ನೋಡಿದೆ. ಸಿಕ್ಕಿದ. ಕಸುಬು, ವಯಸ್ಸು ಎರಡೂ ಹೊಂದುತ್ತವೆ. ಜರ್ಮನ್ ನಾಡಿನಿಂದ ಬಂದವನು.

ನನ್ನ ಕೈಯಿಂದ ಹೋದದ್ದು ಎಲ್ಲ ಸೇರಿ 350 ಡಾಲರ್ ಆಸುಪಾಸು. ಸಂಸ್ಥೆಗೆ ಕೊಟ್ಟ ಅರ್ಧವೂ ಇಲ್ಲ. ಈಗ ಉಳಿದಿರುವುದು ಆ ಜರ್ಮನ್ ಊರು ಯಾವುದು ಅನ್ನುವುದು. ಗುಮಾಸ್ತ ಕಿವಿಗೆ ಕೇಳಿಸಿದಂತೆ ಬರೆದಿದ್ದಾನೆ, ಎರಡು ಊರು ಹೊಂದುತ್ತವೆ. ಒಂದು ಊರಿನ ದಫ್ತರಖಾನೆಗೆ ಯಹೂದಿಗಳಿಂದ ರಕ್ಷಣಾ ತೆರಿಗೆ ವಸೂಲಿ ಮಾಡಿದ ಪಟ್ಟಿಯ ನಕಲಿಗೆ ದುಡ್ಡು ಕಟ್ಟಿದ್ದೇನೆ. ಇನ್ನೊಂದು ಊರಿಗೆ ಮುಂದಿನ ತಿಂಗಳು ಬರೆಯುತ್ತೇನೆ.