ಬಾಗಿಲಲ್ಲಿ ಲಸಿಕೆ ಪ್ರಮಾಣಪತ್ರ ಕೇಳಿದರೆ: ಕಲಬುರಗಿ, ಬೀದರ್, ಯಾದಗಿರಿಯವರಿಗೆ ಕೈಪಿಡಿ

ಕೋವಿಡ್ ಲಸಿಕೆ ಪ್ರಮಾಣಪತ್ರ ತೋರಿಸಿದವರಿಗಷ್ಟೇ ಪ್ರವೇಶ ಎಂಬ ನಿಯಮ ಕರ್ನಾಟಕದಲ್ಲಿ ಬಂದದ್ದು 2021ರ ಡಿಸೆಂಬರ್ 3ರಂದು. ಕೋವಿಡ್ ವೈರಾಣುವಿನ ಹೊಸ ತಳಿ ಓಮಿಕ್ರಾನ್ ಬೆಂಗಳೂರಿಗೆ ಕಾಲಿಟ್ಟ ಸುದ್ದಿಯ ಬೆನ್ನಿಗೇ ಸರ್ಕಾರ ಮಾಲ್ ಮತ್ತು ಚಿತ್ರಮಂದಿರಗಳಿಗೆ ಎರಡೂ ಡೋಸ್ ಕಡ್ಡಾಯ ಮಾಡಿತು. ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಗೂ ಇದೇ ಷರತ್ತು ಬಂತು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ್ದ ಕೋವಿಡ್ ಆದೇಶಗಳು 2022ರ ಮಾರ್ಚ್ 31ಕ್ಕೆ ಮುಗಿದವು. ಅಂಥ ಪ್ರವೇಶ ನಿಯಮ ಈಗ ರಾಜ್ಯದಲ್ಲಿಲ್ಲ. ಆದರೆ ಅದನ್ನು ಮಾಡುವ ಅಧಿಕಾರ ಕಾಯ್ದೆಗಳಲ್ಲಿ ಹಾಗೇ ಉಳಿದಿದೆ. ನಾಳೆ ಮತ್ತೆ ಸೋಂಕು ಹಬ್ಬಿ ಯಾರಾದರೂ ಬಾಗಿಲಲ್ಲಿ ಕಾಗದ ಕೇಳಿದರೆ, ಮೊದಲು ನೋಡಬೇಕಾದದ್ದು ನಿಮ್ಮ ಪ್ರಮಾಣಪತ್ರವನ್ನಲ್ಲ, ಅವರು ಹೇಳುವ ಆದೇಶವನ್ನು.

ಆದೇಶವನ್ನು ಓದುವ ಬಗೆ

ಸಹಿ ಯಾರದು ಎಂದು ನೋಡಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಸೋಂಕುಪೀಡಿತ ಪ್ರದೇಶಕ್ಕೆ ಜನರ ಪ್ರವೇಶ ಮತ್ತು ಓಡಾಟ ನಿರ್ಬಂಧಿಸುವ ಅಧಿಕಾರ ಈ ಪ್ರಾಧಿಕಾರಕ್ಕೆ ಬರುವುದು ವಿಪತ್ತು ನಿರ್ವಹಣಾ ಕಾಯ್ದೆ 2005ರ ಕಲಂ 34ರಿಂದ. ಇದಲ್ಲದೆ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020 ಕೂಡ ಇದೆ. ಆದೇಶದ ಮೊದಲ ಪುಟದಲ್ಲಿ ಇವುಗಳಲ್ಲಿ ಯಾವುದರ ಅಡಿ ಹೊರಡಿಸಿದ್ದು ಎಂಬ ಉಲ್ಲೇಖ, ಆದೇಶ ಸಂಖ್ಯೆ, ದಿನಾಂಕ ಇರಬೇಕು.

ಆಮೇಲೆ ಯಾವ ಸ್ಥಳಗಳಿಗೆ ಅನ್ವಯ ಎಂಬುದು. 2021ರ ನಿಯಮ ಹೆಸರಿಸಿದ್ದು ಮಾಲ್ ಮತ್ತು ಚಿತ್ರಮಂದಿರಗಳನ್ನು. ಆದೇಶದಲ್ಲಿ ಕಿರಾಣಿ ಅಂಗಡಿಯ ಹೆಸರಿಲ್ಲದಿದ್ದರೆ ಅದನ್ನು ಅಲ್ಲಿಗೆ ಎಳೆಯಲು ಬರುವುದಿಲ್ಲ. ಕೊನೆಯ ದಿನಾಂಕ, ಮಕ್ಕಳಿಗೆ ಅಥವಾ ವೈದ್ಯಕೀಯ ಕಾರಣ ಇರುವವರಿಗೆ ಕೊಟ್ಟ ವಿನಾಯಿತಿ, ಎಷ್ಟು ಡೋಸ್ ಬೇಕು ಎಂಬ ಮಾತು, ಇವನ್ನೂ ಓದಿ. ವಾಟ್ಸ್‌ಆ್ಯಪ್‌ನಲ್ಲಿ ಹಳೆಯ ಆದೇಶ ಹೊಸದರಂತೆ ತಿರುಗುವುದು ಬಹಳ ಸಾಮಾನ್ಯ. ದಿನಾಂಕ ಕತ್ತರಿಸಿಹೋದ ಫೋಟೊವನ್ನು ನಂಬಬೇಡಿ, ಜಿಲ್ಲಾಡಳಿತದ ಜಾಲತಾಣದಲ್ಲಿ ಆದೇಶ ಸಂಖ್ಯೆ ಹಾಕಿ ಹುಡುಕಿ. ಸಿಗದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ. 30 ದಿನದೊಳಗೆ ಉತ್ತರ ಕೊಡಬೇಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ.

ಜಾರಿಯಲ್ಲಿರುವ ಆದೇಶವನ್ನು ಪಾಲಿಸದಿದ್ದರೆ ವಿಪತ್ತು ನಿರ್ವಹಣಾ ಕಾಯ್ದೆಯ ಕಲಂ 51ರಡಿ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಅಧಿಕಾರಿಯ ಆದೇಶ ಮೀರುವುದನ್ನು ಅಪರಾಧವಾಗಿಸಿದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) 188 ಹಿಂದೆ ಇದ್ದ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 223 ಇದೆ. ದಂಡ ವಸೂಲಿ ಮಾಡುವವರು ಅಧಿಕಾರ ಪಡೆದ ಅಧಿಕಾರಿಯೇ ಆಗಿರಬೇಕು, ರಸೀದಿ ಕೊಡಬೇಕು. ಟಾಕೀಜಿನ ಗೇಟಿನವನಿಗೆ ಆ ಅಧಿಕಾರವಿಲ್ಲ.

ಸುಪ್ರೀಂ ಕೋರ್ಟ್ ಹೇಳಿದ್ದೆಷ್ಟು

ಕೋವಿಡ್ ಲಸಿಕೆ ಕಡ್ಡಾಯವನ್ನು ಪ್ರಶ್ನಿಸಿದ್ದ ಜೇಕಬ್ ಪುಲಿಯೇಲ್ ಪ್ರಕರಣದ ತೀರ್ಪು 2022ರ ಮೇ 2ರಂದು ಬಂತು. ಇದನ್ನು ಕಡ್ಡಾಯದ ಪರ, ವಿರೋಧ ಎರಡೂ ಕಡೆಯವರು ತಮಗೆ ಬೇಕಾದಂತೆ ಹೇಳುತ್ತಾರೆ, ಅದಕ್ಕೇ ಸರಿಯಾಗಿ ತಿಳಿದಿರಬೇಕು. ಸಂವಿಧಾನದ 21ನೇ ವಿಧಿ ದೇಹದ ಮೇಲಿನ ಹಕ್ಕನ್ನೂ ಕಾಯುತ್ತದೆ, ಆದ್ದರಿಂದ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು ನ್ಯಾಯಾಲಯ. ಜನರ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹೇರಬಹುದು, ಆದರೆ ಅದು ಅಪಾಯದ ಪ್ರಮಾಣಕ್ಕೆ ತಕ್ಕುದಾಗಿರಬೇಕು ಎಂದೂ ಹೇಳಿತು. ಲಸಿಕೆ ಪಡೆಯದವರಿಂದಲೇ ಸೋಂಕು ಹೆಚ್ಚು ಹರಡುತ್ತದೆ ಎಂದು ತೋರಿಸುವ ದತ್ತಾಂಶವನ್ನು ಸರ್ಕಾರಗಳು ಮುಂದಿಟ್ಟಿರಲಿಲ್ಲ. ಹಾಗಾಗಿ ಸೋಂಕು ಕಡಿಮೆ ಇರುವವರೆಗೆ, ಖಾಸಗಿ ಸಂಸ್ಥೆಗಳೂ ಸೇರಿದಂತೆ ಎಲ್ಲರೂ ತಮ್ಮ ಪ್ರವೇಶ ನಿರ್ಬಂಧಗಳನ್ನು ಮರುಪರಿಶೀಲಿಸಲಿ ಎಂದು ಸೂಚಿಸಿತು. ಲಸಿಕಾ ನೀತಿಯನ್ನೇನೂ ರದ್ದು ಮಾಡಲಿಲ್ಲ. ಮಾತು ಅಂದಿನ ಪರಿಸ್ಥಿತಿಗೆ ಸೀಮಿತ ಎಂದೂ ಸ್ಪಷ್ಟಪಡಿಸಿತು. ಹೊಸ ಆದೇಶ ಅತಿಯಾಯಿತು ಅನಿಸಿದರೆ ಬೆಂಗಳೂರಿಗೆ ಹೋಗಬೇಕಿಲ್ಲ, ನಮ್ಮ ಮೂರೂ ಜಿಲ್ಲೆಗಳ ರಿಟ್ ಅರ್ಜಿಗೆ ಹೈಕೋರ್ಟಿನ ಕಲಬುರಗಿ ಪೀಠವಿದೆ.

ಪ್ರಮಾಣಪತ್ರ ಸರಿಯಾಗಿದೆಯೇ?

ನಮ್ಮ ಭಾಗದಲ್ಲಿ ತೊಂದರೆಯ ಮೂಲ ಸಾಮಾನ್ಯವಾಗಿ ಎರಡು: ಮೊಬೈಲ್ ನಂಬರ್ ಮತ್ತು ಹೆಸರು.

ಲಸಿಕೆ ಅಭಿಯಾನದಲ್ಲಿ ಮನೆಯಲ್ಲಿ ಫೋನಿಲ್ಲದ ಹಿರಿಯರಿಗೆ ಅಕ್ಕಪಕ್ಕದವರ ಇಲ್ಲವೇ ಆಶಾ ಕಾರ್ಯಕರ್ತೆಯ ನಂಬರ್ ಹಾಕಿಸಿದ್ದುಂಟು. ಕೋವಿಡ್ ಲಸಿಕೆಯ ಸರ್ಕಾರಿ ಜಾಲತಾಣ ಕೋವಿನ್‌ನ ಒಟಿಪಿ ಹೋಗುವುದು ಆ ನಂಬರಿಗೇ. ಅದು ಚಾಲ್ತಿಯಲ್ಲಿರುವಾಗಲೇ ಒಮ್ಮೆ ಲಾಗಿನ್ ಆಗಿ ಪಿಡಿಎಫ್ ಇಳಿಸಿಕೊಂಡು, ಡಿಜಿಲಾಕರ್‌ನಲ್ಲೂ ಇಟ್ಟುಕೊಳ್ಳಿ. ಕಾಗದದ ಮೇಲಿನ ರೆಫರೆನ್ಸ್ ಐಡಿಯನ್ನು ಬೇರೆ ಕಡೆಯೂ ಬರೆದಿಡಿ.

ಹೆಸರಿನ ತಕರಾರು ಇನ್ನೂ ಕಷ್ಟದ್ದು. ಆಧಾರ್‌ನಲ್ಲಿ ‘ಎಂ.ಡಿ.’, ಪಾಸ್‌ಪೋರ್ಟ್‌ನಲ್ಲಿ ‘ಮೊಹಮ್ಮದ್’. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಅಡ್ಡಹೆಸರಷ್ಟೇ. ಕೊಲ್ಲಿಗೆ ಹೊರಟವರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸಿಕ್ಕಿಬೀಳುತ್ತಿದ್ದದ್ದು ಇಲ್ಲೇ. ಕೋವಿನ್‌ನ ‘ರೈಸ್ ಆ್ಯನ್ ಇಶ್ಯೂ’ ವಿಭಾಗದಲ್ಲಿ ಹೆಸರು, ಹುಟ್ಟಿದ ವರ್ಷ, ಲಿಂಗ ತಿದ್ದಲು, ಪಾಸ್‌ಪೋರ್ಟ್ ಸಂಖ್ಯೆ ಸೇರಿಸಲು ಅವಕಾಶ ಕೊಟ್ಟಿದ್ದರು. ಆದರೆ ತಿದ್ದುಪಡಿಗೆ ಮತ್ತೆ ಮತ್ತೆ ಅವಕಾಶ ಸಿಗುವುದಿಲ್ಲ. ಮೊದಲು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ನೋಡಿ ತುಂಬಿ.

ಅಂಗಡಿ, ಖಾನಾವಳಿ, ಫಂಕ್ಷನ್ ಹಾಲ್ ನಡೆಸುವವರಿಗೆ

ಆದೇಶ ಜಾರಿಯಾದರೆ ಅದರ ಮುದ್ರಿತ ಪ್ರತಿಯನ್ನು ಬಾಗಿಲ ಬಳಿ ಇಡಿ. ಜಗಳದಲ್ಲಿ ಅರ್ಧ ಅಲ್ಲೇ ನಿಲ್ಲುತ್ತದೆ. ಬರೀ ಕಾಗದ ನೋಡಿ ಒಳಬಿಟ್ಟರೆ ತಪಾಸಣೆಗೆ ಅರ್ಥವಿಲ್ಲ, ಏಕೆಂದರೆ ಬೇರೊಬ್ಬರ ಕ್ಯೂಆರ್ ಕೋಡ್ ಉಳಿಸಿಕೊಂಡು ಮೇಲಿನ ಹೆಸರು ಬದಲಿಸುವುದು ಸುಲಭ. ಕೋವಿನ್‌ನ ಪರಿಶೀಲನಾ ಪುಟದಲ್ಲಿ ಕೋಡ್ ಸ್ಕ್ಯಾನ್ ಮಾಡಿ, ಪರದೆಯಲ್ಲಿ ಬರುವ ಹೆಸರನ್ನು ಗ್ರಾಹಕರ ಗುರುತಿನ ಚೀಟಿಯೊಂದಿಗೆ ಹೋಲಿಸಿ. ಮುದ್ರಿತ ಹೆಸರನ್ನಷ್ಟೇ ಚೀಟಿಯೊಂದಿಗೆ ಹೋಲಿಸಿದರೆ ನಕಲಿ ಸಿಕ್ಕಿಬೀಳುವುದಿಲ್ಲ. ಸ್ಕ್ಯಾನ್ ಆಗದಿದ್ದರೆ ಸುಳ್ಳು ಎಂದು ದೂರಬೇಡಿ: ಲ್ಯಾಮಿನೇಷನ್ ಹೊಳಪು, ಮಡಿಕೆ ಬಿದ್ದ ಗುರುತು, ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿದ ಫೋಟೊ ಇವೇ ಹೆಚ್ಚಿನ ಸಲ ಕಾರಣ. ಮೂಲ ಪಿಡಿಎಫ್ ತೆರೆಯಲು ಹೇಳಿ, ಪರದೆಯ ಬೆಳಕು ಹೆಚ್ಚಿಸಿ. ಪ್ರಮಾಣಪತ್ರದ ಫೋಟೊ ತೆಗೆದುಕೊಂಡು ಇಟ್ಟುಕೊಳ್ಳಬೇಡಿ, ಆಧಾರ್ ಸಂಖ್ಯೆಯನ್ನು ರಿಜಿಸ್ಟರಿನಲ್ಲಿ ಬರೆಸಿಕೊಳ್ಳಬೇಡಿ. ಅದು ಜನರ ಖಾಸಗಿ ಮಾಹಿತಿ. ಆದೇಶದ ಅವಧಿ ಮುಗಿದ ದಿನವೇ ಬೋರ್ಡು ತೆಗೆಯಿರಿ.

ಇಂದಿಗೂ ಕಡ್ಡಾಯವಿರುವ ಪುರಾವೆ

ಹಜ್ ಮತ್ತು ಉಮ್ರಾಗೆ ಹೋಗುವವರಿಗೆ ಸೌದಿ ಅರೇಬಿಯಾ ಮೆನಿಂಜೈಟಿಸ್ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ತಲುಪುವ ದಿನಕ್ಕಿಂತ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಕಾಂಜುಗೇಟ್ ಬಗೆಯದಾದರೆ 5 ವರ್ಷ, ಪಾಲಿಸ್ಯಾಕರೈಡ್ ಆದರೆ 3 ವರ್ಷ ಮಾನ್ಯ. ಯಾವ ಬಗೆ ಎಂದು ಕಾರ್ಡಿನಲ್ಲಿ ಬರೆಸಿಕೊಳ್ಳದಿದ್ದರೆ 3 ವರ್ಷವೆಂದೇ ಹಿಡಿಯಬಹುದು. ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಹಳದಿ ಜ್ವರವಿರುವ ದೇಶಗಳಿಗೆ ಹೋಗಿಬರುವವರು ಹಳದಿ ಜ್ವರದ ಕಾರ್ಡ್ ಇಟ್ಟುಕೊಂಡಿರಲೇಬೇಕು. ಕಾರ್ಡ್ ಇಲ್ಲದೆ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಈ ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಬೀದರ್, ಕಲಬುರಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದ್‌ನ ನಾರಾಯಣಗುಡದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಹತ್ತಿರ. ಚುಚ್ಚಿಸಿಕೊಂಡ 10 ದಿನಕ್ಕೆ ಕಾರ್ಡ್ ಮಾನ್ಯವಾಗುತ್ತದೆ. 2016ರ ಜುಲೈ 11ರಿಂದ ಅದಕ್ಕೆ ಜೀವನಪೂರ್ತಿ ಮಾನ್ಯತೆ ಇದೆ, ಹಳೆಯ ಕಾರ್ಡಿನಲ್ಲಿ 10 ವರ್ಷ ಎಂದು ಬರೆದಿದ್ದರೂ ಸರಿಯೇ.