ಕ್ರಿಸ್ಮಸ್ ಟ್ರೀಗೆ ಚಿಂದಿಯ ಪುಟ್ಟ ದಿಂಬು, ಒಳಗೆ ಲವಂಗ ಲಾವಂಚ

ದೀಪಾವಳಿ ಮುಗಿದ ವಾರ ಮುಂಬೈಯ ಬ್ಲೌಸ್ ಟೈಲರ್‌ಗಳ ಮೇಜಿನಡಿ ಚಿಂದಿ ಮೂಟೆಗಟ್ಟಲೆ ಬಿದ್ದಿರುತ್ತದೆ. ಮಾಟುಂಗವೋ ದಾದರೋ ಮುಲುಂಡೋ, ಪರಿಚಯದ ಟೈಲರ್‌ಗೆ ಮೊದಲೇ ಹೇಳಿಟ್ಟರೆ ಒಂದು ಚೀಲ ಎತ್ತಿಡುತ್ತಾರೆ: ಬ್ರೊಕೇಡ್ ತುಂಡು, ಅಸ್ತರ್ (ಲೈನಿಂಗ್ ಬಟ್ಟೆ), ಸೀರೆ ಫಾಲಿನ ಉಳಿಕೆ, ಪೈಪಿಂಗ್, ಖಾಲಿ ರೀಲು. ಕ್ರಿಸ್ಮಸ್ ಟ್ರೀಗೆ ತೂಗುಹಾಕುವ ಪರಿಮಳದ ದಿಂಬಿಗೆ ಇಷ್ಟು ಧಾರಾಳ. ಆದರೆ ಡಿಸೆಂಬರ್ ಮೂರನೇ ವಾರ ಕೈಹಚ್ಚಿದರೆ ತಡವಾಯಿತು. ಹೊಲಿಯುವುದಕ್ಕೆ ಒಂದು ಸಂಜೆ ಸಾಕು, ಮಸಾಲೆ ಹದಕ್ಕೆ ಬರಲು ಎರಡು ವಾರ ಬೇಕು. ಹಾಗಾಗಿ ನಾನು ಮೊದಲು ಕೂಡಿಸುವುದು ಮಸಾಲೆಯ ಡಬ್ಬಿ. ಸೂಜಿ ದಾರ ಆಮೇಲೆ.

ಹತ್ತಿ ತುಂಬಿ, ಮೇಲೆ ನಾಲ್ಕು ಹನಿ ಸುಗಂಧ ಎಣ್ಣೆ ಬಿಟ್ಟು ಮುಗಿಸುವವರೇ ಹೆಚ್ಚು. ಮೊದಲ ದಿನ ಮನೆಯೆಲ್ಲ ಘಮ್ಮೆನ್ನುತ್ತದೆ. ಹಬ್ಬದ ಹೊತ್ತಿಗೆ ಉಳಿಯುವುದು ಬಟ್ಟೆಯ ಮೇಲಿನ ಕಲೆ ಮಾತ್ರ. ಕಿತ್ತಳೆ, ನಿಂಬೆಯಂಥ ಹಗುರ ಎಣ್ಣೆಗಳು ಬೇಗ ಹಾರಿಹೋಗುತ್ತವೆ. ಅವನ್ನು ಹಿಡಿದಿಡಲು ನಿಧಾನವಾಗಿ ಆರುವ ಭಾರದ ವಾಸನೆಯೊಂದು ಜೊತೆಗಿರಬೇಕು. ಅತ್ತರಿಗೆ ಗಂಧದೆಣ್ಣೆಯ ತಳ ಹಾಕುವುದೂ ಇದಕ್ಕೇ. ಗಂಧದೆಣ್ಣೆ ನಮ್ಮ ಕೈಗೆಟುಕುವ ಮಾತಲ್ಲ. ಲಾವಂಚದ ಬೇರು ಮತ್ತು ಸಾಂಬ್ರಾಣಿ ಆ ಕೆಲಸ ಸೊಗಸಾಗಿ ಮಾಡುತ್ತವೆ. ಇಲ್ಲಿನ ಗಿಡಮೂಲಿಕೆ ಅಂಗಡಿಯಲ್ಲಿ ಲಾವಂಚವನ್ನು ‘ವಾಳಾ’ ಎಂದು ಕೇಳಬೇಕು. ಸಾಂಬ್ರಾಣಿ ಗಟ್ಟಿ ಅಂಟಿನ ತುಂಡೇ ಆಗಿರಲಿ. ಇದ್ದಿಲು ಬೆರೆಸಿದ ಕಪ್ ಸಾಂಬ್ರಾಣಿ ತಂದರೆ ಬಟ್ಟೆ ಕಪ್ಪಾಗುತ್ತದೆ.

ಹನ್ನೆರಡು ದಿಂಬಿಗೆ ನನ್ನ ಅಳತೆ ಇದು. ದಪ್ಪ ಚಕ್ಕೆ 30 ಗ್ರಾಂ, ಲವಂಗ 20, ಒಣಗಿದ ಕಿತ್ತಳೆ ಸಿಪ್ಪೆ 30, ಚಕ್ರಮೊಗ್ಗು 10, ಜಾಯಿಕಾಯಿ ಒಂದು, 1 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ಲಾವಂಚ 10, ಜಜ್ಜಿದ ಸಾಂಬ್ರಾಣಿ 5 ಗ್ರಾಂ. ತೆಳು ಸಿಲೋನ್ ಚಕ್ಕೆಗೆ ದುಡ್ಡು ಸುರಿಯಬೇಡಿ, ಬಟ್ಟೆಯ ಆಚೆ ಬರುವ ಖಾರದ ಘಾಟು ದಪ್ಪ ಚಕ್ಕೆಯಲ್ಲೇ ಹೆಚ್ಚು. ಲಾಲ್‌ಬಾಗ್‌ನ ಮಸಾಲೆ ಗಲ್ಲಿಯಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಲವಂಗವನ್ನು ಉಗುರಿನಿಂದ ಒತ್ತಿ ನೋಡಿ ಕೊಳ್ಳಿ. ಎಣ್ಣೆಯ ಪಸೆ ಕಾಣದಿದ್ದರೆ ಅದು ಸತ್ವ ಹೋದ ಮಾಲು.

ಮಿಕ್ಸಿ ಬೇಡ. ಬಿಸಿಗೆ ಅರ್ಧ ಪರಿಮಳ ಅಲ್ಲೇ ಹೋಗುತ್ತದೆ, ನುಣ್ಣಗಾದ ಪುಡಿ ಎಂಥ ಬಟ್ಟೆಯಿಂದಲೂ ಸೋರಿ ಕಂದು ಕಲೆ ಮಾಡುತ್ತದೆ. ಕುಟ್ಟಾಣಿಯಲ್ಲಿ ಗೋಧಿ ನುಚ್ಚಿನಷ್ಟು ದಪ್ಪಕ್ಕೆ ಜಜ್ಜಿ, ಜರಡಿ ಹಿಡಿದು, ಕೆಳಗೆ ಬಿದ್ದ ಪುಡಿಯನ್ನು ಚಹಾಕ್ಕೆ ಇಟ್ಟುಕೊಳ್ಳಿ (ಸಾಂಬ್ರಾಣಿ ಬೇರೆಯಾಗಿ ಜಜ್ಜಿದ್ದರೆ ಮಾತ್ರ). ಎಣ್ಣೆ ಬೇಕೇ ಬೇಕು ಅನ್ನುವವರು ಕಿತ್ತಳೆ ಎಣ್ಣೆ 10 ಹನಿಯನ್ನು ಲಾವಂಚದ ಮೇಲೆ ಮಾತ್ರ ಬಿಟ್ಟು, ಒಂದು ರಾತ್ರಿ ಮುಚ್ಚಿಟ್ಟು, ಆಮೇಲೆ ಉಳಿದದ್ದರ ಜೊತೆ ಬೆರೆಸಬೇಕು. ಗಾಜಿನ ಅಥವಾ ಸ್ಟೀಲ್ ಡಬ್ಬಿಯಲ್ಲಿ ಎರಡು ವಾರ ಇಟ್ಟು ದಿನಕ್ಕೊಮ್ಮೆ ಕುಲುಕಿ. ಮೊದಮೊದಲು ಲವಂಗವೇ ಮೂಗಿಗೆ ಹೊಡೆಯುತ್ತದೆ. ಬೇರೆ ಬೇರೆ ವಾಸನೆ ಗುರುತಿಸಲಾಗದಂತೆ ಒಂದಾದಾಗ ಹದ ಬಂತು ಎಂದು ಲೆಕ್ಕ.

ಕೆಡುವುದೆಲ್ಲ ಕೆಡುವುದು ಸಿಪ್ಪೆಯಿಂದ. ಡಿಸೆಂಬರ್‌ನಲ್ಲೂ ಮುಂಬೈ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ. ಪುಣೆಯಲ್ಲಿ ಎರಡೇ ದಿನಕ್ಕೆ ಗರಿಯಾಗುವ ಸಿಪ್ಪೆ ಇಲ್ಲಿ ನಾಲ್ಕು ಬಿಸಿಲು ಬೇಡುತ್ತದೆ. ನಾಗಪುರ ಕಿತ್ತಳೆಯ ಸಿಪ್ಪೆ ತೆಳು, ಸಡಿಲ, ಬಿಳಿ ನಾರು ಕಡಿಮೆ, ಹಾಗಾಗಿ ಅದೇ ಒಳ್ಳೆಯದು. ನಾಲ್ಕೈದು ಹಣ್ಣಿನದು ಸಾಕು. ಬಿಳಿ ಭಾಗವನ್ನು ಚಮಚದಿಂದ ಕೆರೆದು, ಬೆರಳಗಲ ಪಟ್ಟಿ ಮಾಡಿ, ಬಾಲ್ಕನಿಯಲ್ಲಿ ಹರಡಿ, ಸಂಜೆಯಾಗುತ್ತಲೇ ಒಳಗೆ ತನ್ನಿ. ಬಗ್ಗಿಸಿದರೆ ಪಟ್ ಎಂದು ಮುರಿಯಬೇಕು. ಬಾಗಿದರೆ ಒಳಗೆ ನೀರಿದೆ, ಡಬ್ಬಿಯಲ್ಲೇ ಬೂಸ್ಟು ಹಿಡಿದು ಎಲ್ಲ ಮಸಾಲೆಗೂ ಮುಗ್ಗು ವಾಸನೆ ಹತ್ತುತ್ತದೆ. ಅಂಥದ್ದನ್ನು ಸರಿಮಾಡುವ ದಾರಿಯಿಲ್ಲ, ಚೆಲ್ಲಬೇಕು.

ಇನ್ನು ಬಟ್ಟೆ. ಚಿಂದಿ ಚೀಲಕ್ಕೆ ಕೈ ಹಾಕುವ ಮುನ್ನ ಅದನ್ನು ಹರಡಿ ಅಯಸ್ಕಾಂತ ಆಡಿಸಿ. ಗುಂಡುಪಿನ್ನು, ಮುರಿದ ಮಷಿನ್ ಸೂಜಿ ಇದ್ದೇ ಇರುತ್ತವೆ. ಹೊಸ ತುಂಡಾದರೂ ತೊಳೆಯಲೇಬೇಕು. ಗಂಜಿ ಮತ್ತು ಮಷಿನ್ ಎಣ್ಣೆಯ ವಾಸನೆ ಲವಂಗದ ಜೊತೆ ಸೇರಿದರೆ ಗ್ಯಾರೇಜ್ ಮೆಟ್ಟಿಲೇರಿದಂತಿರುತ್ತದೆ. ಕೆಂಪು, ಹಸಿರು ತುಂಡುಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ, ಬಣ್ಣ ಬಿಡುವುದನ್ನು ಬಿಳಿ ಲೇಸಿನಿಂದ ದೂರವಿಡಿ. ನುಸಿಗುಳಿಗೆ ಹಾಕಿಟ್ಟ ಹಳೆ ಸೀರೆಯ ತುಂಡನ್ನು ಎರಡು ದಿನ ಬಿಸಿಲಿಗೆ ಹಾಕಿಯೂ ವಾಸನೆ ಬಂದರೆ, ಅದು ಎಷ್ಟೇ ಚೆಂದದ ಪೈಠಣಿಯಾಗಿರಲಿ, ಆಸೆ ಬಿಡುವುದು ಒಳ್ಳೆಯದು.

ಮುಂಭಾಗಕ್ಕೆ ಬ್ರೊಕೇಡ್, ಹಿಂಭಾಗಕ್ಕೆ ಮಲ್‌ಮಲ್ ಅಥವಾ ಹಳೆಯ ಕಾಟನ್ ಸೀರೆ. ಎರಡೂ ಕಡೆ ಬ್ರೊಕೇಡ್ ಹಾಕಿದ ದಿಂಬು ನೋಡಲು ಅಂದ, ಪರಿಮಳ ಮಾತ್ರ ಒಳಗೇ ಸೆರೆ. ಬ್ರೊಕೇಡ್ ಅಂಚು ಎಳೆ ಬಿಡುವುದರಿಂದ ಕತ್ತರಿಸುವ ಮೊದಲೇ ಅದರ ಹಿಂದೆ ತೆಳು ಫ್ಯೂಸಿಂಗ್ (ಬಿಸಿಗೆ ಅಂಟುವ ಒಳಪದರ) ಇಟ್ಟು ಇಸ್ತ್ರಿ ಮಾಡಿ. ಮಲ್‌ಮಲ್‌ಗೆ ಫ್ಯೂಸಿಂಗ್ ಹಚ್ಚಬಾರದು, ಅದರ ಅಂಟು ಬಟ್ಟೆಯ ಕಣ್ಣು ಮುಚ್ಚುತ್ತದೆ. 9 ಸೆಂ.ಮೀ. ಅಗಲದ ಬಟ್ಟಲಿನ ಸುತ್ತ ಚಾಕ್ ಎಳೆದು ಎರಡು ವೃತ್ತ ಕತ್ತರಿಸಿ. ನಕ್ಷತ್ರದ ಆಕಾರಕ್ಕೆ ಆರಂಭದಲ್ಲೇ ಹೋಗಬೇಡಿ. ಈ ಅಳತೆಯಲ್ಲಿ ಒಳಮೂಲೆಗಳು ಹರಿಯುತ್ತವೆ, ತುದಿಗಳು ತುಂಬುವುದಿಲ್ಲ.

ತೂಗುವ ಕುಣಿಕೆಗೆ 15 ಸೆಂ.ಮೀ. ಪೈಪಿಂಗ್ ಅಥವಾ ಜರಿ ಲೇಸು ಬೇಕು. ಅದನ್ನು ಮಡಚಿ, ತುದಿಗಳು ಹೊಲಿಗೆಯಾಚೆ 1 ಸೆಂ.ಮೀ. ಚಾಚುವಂತೆ ಎರಡು ವೃತ್ತಗಳ ನಡುವೆ ಇಡಿ. ಹಾಗಿಡದೆ ಆಮೇಲೆ ಮುಂಭಾಗಕ್ಕೆ ಅಂಟಿಸಿ ಹೊಲಿದರೆ ದಿಂಬು ನೇರವಾಗಿರದೆ ವಾಲಿ ನೇತಾಡುತ್ತದೆ. ಗುಂಡಿ, ಹುಕ್ಕು, ಲೇಸಿನ ಅಲಂಕಾರವನ್ನೂ ಈ ಹಂತಕ್ಕೆ ಮೊದಲೇ ಮುಗಿಸಿ, ತುಂಬಿದ ಮೇಲೆ ಸೂಜಿ ಆಡುವುದಿಲ್ಲ. ಒಳಮೈ ಹೊರಗಾಗಿಸಿ, ಅಂಚಿನಿಂದ 6 ಮಿ.ಮೀ. ಬಿಟ್ಟು, 2 ಮಿ.ಮೀ. ಟಾಕಾದಲ್ಲಿ ಸುತ್ತ ಹೊಲಿದು, 3 ಸೆಂ.ಮೀ. ಬಾಯಿ ಬಿಡಿ. ಅಂಚಿನಲ್ಲಿ ಬೆರಳಗಲಕ್ಕೊಂದು ಕಚ್ಚು ಹಾಕಿ ತಿರುವಿದರೆ ವೃತ್ತ ದುಂಡಗೆ ಬರುತ್ತದೆ, ಇಲ್ಲದಿದ್ದರೆ ಮೂಲೆ ಮೂಲೆಯಾಗುತ್ತದೆ.

ಮಸಾಲೆಯನ್ನು ನೇರವಾಗಿ ಸುರಿಯಬೇಡಿ. ದಟ್ಟ ನೇಯ್ಗೆಯ ಕಾಟನ್ ಅಸ್ತರ್‌ನಲ್ಲಿ 5 ಸೆಂ.ಮೀ. ಚೌಕದ ಚೀಲ ಹೊಲಿದು 8–9 ಗ್ರಾಂ ತುಂಬಿ ಬಾಯಿ ಹೊಲಿಯಿರಿ. ಇದನ್ನು ಮಲ್‌ಮಲ್ ಕಡೆಗೆ ಒರಗಿಸಿಟ್ಟು, ಮುಂದಿನ ಜಾಗಕ್ಕೆ ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮಷಿನ್‌ನಿಂದ ಉದುರುವ ದಾರದ ಸಿಕ್ಕು ತುಂಬಿ. ಕತ್ತರಿಸಿದ ಬಟ್ಟೆ ತುಣುಕು ಗಂಟು ಗಂಟಾಗುತ್ತದೆ, ಈ ಸಿಕ್ಕು ಮೆತ್ತಗೆ ನಿಲ್ಲುತ್ತದೆ. ಕೊನೆಯ ಬಾಯಿಯನ್ನು ಕೈಯಿಂದಲೇ ಮುಚ್ಚಿ, ಮರುವರ್ಷ ಬಿಚ್ಚಿ ಮಸಾಲೆ ಬದಲಿಸಲು ಅನುಕೂಲ.

ಖಾಲಿ ರೀಲುಗಳದು ಸುಲಭದ ಕೆಲಸ. ಉಳಿದ ಬಣ್ಣದ ದಾರಗಳನ್ನು ಸುತ್ತಿ, ನಡುವಿನ ತೂತಿಗೆ ಸುಗಂಧ ಎಣ್ಣೆ ಮೂರು ಹನಿ ಹೀರಿದ ಫ್ಲಾನೆಲ್ ಸುರುಳಿ ತುರುಕಿದರೆ ಮುಗಿಯಿತು. ಇದಕ್ಕೆ ಮರದ ಅಥವಾ ಕಾಗದದ ರೀಲೇ ಆಗಬೇಕು. ಥರ್ಮೋಕೋಲ್ ಉಂಡೆಗೆ ಚಿಂದಿ ಸುತ್ತುವವರು ಎಣ್ಣೆಯ ಗೊಡವೆಗೇ ಹೋಗಬಾರದು: ಕಿತ್ತಳೆ ಎಣ್ಣೆಯಲ್ಲಿನ ಲಿಮೊನೀನ್ ಎಂಬ ರಾಸಾಯನಿಕ ಥರ್ಮೋಕೋಲನ್ನು ಕರಗಿಸುತ್ತದೆ, ಉಂಡೆಯಲ್ಲಿ ಗುಳಿ ಬಿದ್ದು ಬಟ್ಟೆ ಜೋಲುತ್ತದೆ.

ಹೀಗೆ ಮಾಡಿದ ದಿಂಬು ಸುಮಾರು 20 ಗ್ರಾಂ ತೂಗುತ್ತದೆ, ಪ್ಲಾಸ್ಟಿಕ್ ಮರದ ಕೊಂಬೆಯ ತುದಿ ಬಾಗುತ್ತದೆ. ಕಾಂಡದ ಹತ್ತಿರ, ಮಗು ಮತ್ತು ಬೆಕ್ಕಿಗೆ ಎಟುಕದ ಎತ್ತರದಲ್ಲಿ ಕಟ್ಟಿ. ಗುಂಡಿ ಮಗುವಿನ ಗಂಟಲಿಗೆ, ಲವಂಗದ ಎಣ್ಣೆ ಬೆಕ್ಕಿಗೆ ಅಪಾಯ. ಬಿಸಿಯಾಗುವ ಹಳೆ ಸೀರಿಯಲ್ ಬಲ್ಬ್ ತಾಗದಿರಲಿ. ಪರಿಮಳ ಮಂದವಾದರೆ ದಿಂಬನ್ನು ಹಿಸುಕಿದರೆ ಸಾಕು, ಮಸಾಲೆ ಒಳಗೇ ಮತ್ತೊಮ್ಮೆ ಉಜ್ಜಿಕೊಳ್ಳುತ್ತದೆ.

ಬಾಲಯೇಸುವನ್ನು ಕಾಣಲು ಬಂದವರ ನೆನಪಿನ, ಜನವರಿ 6ರ ಮೂರು ರಾಯರ ಹಬ್ಬ ಕಳೆದು ಮರ ಬಿಚ್ಚಿದಾಗ ದಿಂಬುಗಳನ್ನು ಜಿಪ್ ಕವರ್‌ನಲ್ಲಿ ಗಾಳಿಯಾಡದಂತೆ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಡಿ. ಮಸಾಲೆಗೆ ಬೀಳುವ ಕಂದು ಹುಳ, ಅದರ ಮೊಟ್ಟೆ ಸಾಯುತ್ತವೆ. ಹೊರತೆಗೆದ ಕೂಡಲೇ ಕವರ್ ಬಿಚ್ಚಿದರೆ ತಣ್ಣನೆಯ ಬಟ್ಟೆಗೆ ಹನಿ ಕೂರುತ್ತದೆ. ಅರ್ಧ ದಿನ ಹಾಗೇ ಬಿಟ್ಟು, ಆಮೇಲೆ ಸ್ಟೀಲ್ ಡಬ್ಬಿಗೆ ಹಾಕಿ. ಮಳೆಗಾಲ ಮುಗಿಯುವವರೆಗೆ ಆ ಡಬ್ಬಿಯ ಮುಚ್ಚಳ ತೆಗೆಯಬೇಡಿ.