ಮೃಗಾಲಯ ಬೇಕೇ ಬೇಡವೇ: ಮಕ್ಕಳ ಪ್ರಬಂಧಕ್ಕೊಂದು ಉಪಾಯ
ಮಕ್ಕಳು ತಮ್ಮ ವಾದಕ್ಕೆ ಆಧಾರವಾಗಿ ಪಾಠದಿಂದ ವಾಕ್ಯವೊಂದನ್ನು ಎತ್ತಿ ಬರೆದ ಕೂಡಲೇ ಅದರ ಕೆಳಗೆ ‘ಆದ್ದರಿಂದ’ ಅಂತ ಬರೆಸಿ, ಮುಂದಿನದನ್ನು ಅವರ ಸ್ವಂತ ಮಾತಿನಲ್ಲೇ ಮುಗಿಸಲು ಹೇಳಿ. ಆ ಆಧಾರ ಎಷ್ಟು ದೂರ ಬರುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಉದಾಹರಣೆಗೆ, ‘1972ರ ಹೊತ್ತಿಗೆ ಕಾಡಿನಲ್ಲಿ ಅಳಿದುಹೋದ ಅರೇಬಿಯನ್ ಓರಿಕ್ಸ್ ಜಿಂಕೆಗಳನ್ನು ಮೃಗಾಲಯಗಳಲ್ಲಿ ಬೆಳೆಸಿ, 1982ರಲ್ಲಿ ಒಮಾನ್‌ನ ಮರುಭೂಮಿಗೆ ಬಿಟ್ಟರು’ ಎಂಬ ವಾಕ್ಯ. ‘ಆದ್ದರಿಂದ ಅಳಿವಿನಂಚಿನ ಕೆಲವು ಪ್ರಾಣಿಗಳನ್ನು ಮೃಗಾಲಯ ಉಳಿಸಬಲ್ಲದು’ ಅಂದರೆ ಸರಿ ಕೂರುತ್ತದೆ. ‘ಆದ್ದರಿಂದ ಎಲ್ಲ ಪ್ರಾಣಿಗಳೂ ಅಲ್ಲಿರಬೇಕು’ ಅಂದರೆ ಓದುವಾಗಲೇ ಎಡವುತ್ತದೆ, ಮಗುವೇ ಪೆನ್ಸಿಲ್ ತಗೊಂಡು ಅಳಿಸುತ್ತದೆ. ಎದುರು ಪಕ್ಷಕ್ಕೂ ಇದೇ ಅಳತೆ. 2009ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಆನೆಗಳನ್ನು ಮೃಗಾಲಯಗಳಿಂದ ಆನೆ ಶಿಬಿರಗಳಿಗೆ ಕಳಿಸಲು ಸೂಚಿಸಿತು. ಆನೆಗೆ ಓಡಾಡಲು ಜಾಗ ಸಾಲದು ಅನ್ನೋದಕ್ಕೆ ಇದು ಗಟ್ಟಿ ಆಧಾರ. ಆದರೆ ಇದೇ ಆಧಾರ ಆಮೆಯ ವಿಷಯಕ್ಕೆ ಬರುವುದಿಲ್ಲ. ಇನ್ನು, ಎತ್ತಿದ ವಾಕ್ಯವೇ ಬರಿ ಅಭಿಪ್ರಾಯವಾಗಿದ್ದರೆ ಈ ಉಪಾಯ ಕೈಕೊಡುತ್ತದೆ. ‘ಬೋನಿನಲ್ಲಿ ಪ್ರಾಣಿಗಳು ದುಃಖಿಸುತ್ತವೆ, ಆದ್ದರಿಂದ ಮೃಗಾಲಯ ಬೇಡ’ ಅನ್ನೋದು ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ, ಆಧಾರ ಮಾತ್ರ ಇರುವುದಿಲ್ಲ. ಅಂಥ ಕಡೆ ಮೊದಲು ‘ಇದು ಹೇಗೆ ಗೊತ್ತಾಯ್ತು?’ ಅಂತ ಕೇಳಿ. ಹುಲಿ ದಿನವಿಡೀ ಒಂದೇ ಜಾಡಿನಲ್ಲಿ ಹಿಂದೆ ಮುಂದೆ ಓಡಾಡುವುದನ್ನು ಪಾಠ ವಿವರಿಸಿದ್ದರೆ, ಎತ್ತಬೇಕಾದದ್ದು ಆ ಸಾಲು.